ದ್ರಾಕ್ಷಿಯ ಸೀಮೆ, ಕಬ್ಬಿನ ಸೀಮೆ

ಕ್ರಿಸ್ಮಸ್ ರಜೆಗೆಂದು ಊರಿಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ಯುವ ದಂಪತಿಗಳು ಗುರುನಿವಾಸಕ್ಕೆ ಬಂದು ತಮ್ಮ ಇಟಲಿ ಪ್ರವಾಸದ ಚಿತ್ರಗಳನ್ನು ತೋರಿಸಿದರು. ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಕಿಯಾಂತಿ ಸೀಮೆಯಲ್ಲಿ ಅವರು ಆರು ದಿನ ಸೈಕಲ್ ತುಳಿದಿದ್ದರು. ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲಾಗಿ ದ್ರಾಕ್ಷಿಬಳ್ಳಿ, ನೆತ್ತಿಯಲ್ಲಿ ಕಲ್ಲುಗೋಡೆಯ ಪುಟ್ಟ ಊರು, ಊರ ನಡುವಿನ ಚೌಕದಲ್ಲಿ ದೇವಾಲಯ, ಅದರ ಗಂಟೆಗೋಪುರ. ಗ್ರೇವೆ, ರಾದ್ದಾ, ಗಾಯೋಲೆ ಎಂದು ಊರುಗಳ ಹೆಸರನ್ನು ಆಕೆ ಮಂತ್ರದಂತೆ ಹೇಳುತ್ತಿದ್ದಳು. ಕಿಯಾಂತಿಯ ಎಲ್ಲೆಯನ್ನು 1716ರಷ್ಟು ಹಿಂದೆಯೇ ತೋಸ್ಕಾನಾದ ಪ್ರಭು ಮೂರನೆಯ ಕೊಸಿಮೊ ಆಜ್ಞೆ ಹೊರಡಿಸಿ ಗೊತ್ತುಪಡಿಸಿದ್ದನು. ಗಾಯೋಲೆಯಿಂದ 1997ರಲ್ಲಿ ‘ಎರೊಯಿಕಾ’ ಎಂಬ ಹಳೆಯ ಸೈಕಲ್‌ಗಳ ಸವಾರಿ ಆರಂಭವಾಯಿತು. ಡಾಂಬರು ಕಾಣದ ಬಿಳಿಮಣ್ಣಿನ ದಾರಿಗಳು ಉಳಿಯಲೆಂಬುದು ಅದರ ಉದ್ದೇಶ. ದಾರಿಯನ್ನು ಉಳಿಸಲು ಸೈಕಲ್ ಹತ್ತುವ ಜನ ನಮಗೆ ಮೆಚ್ಚುಗೆಯಾದರು.

“ನಮ್ಮ ಕಡೆ ಹೀಗೆ ಸುತ್ತೋಕೆ ಏನಿದೆ, ಫಾದರ್? ಬರೀ ಕಬ್ಬು” ಎಂದಳು ಆಕೆ. ನಾವು ನಕ್ಕೆವು. ಆದರೆ ಆ ಮಾತು ಒಳಗೆಲ್ಲೋ ಉಳಿಯಿತು.

ಇಟಲಿಯ ಧರ್ಮಸಭೆಗೂ ಸೈಕಲ್ಲಿಗೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿಯದು. ಕೋಮೊ ಸರೋವರದ ಬಳಿಯ ಗುಡ್ಡದ ಮೇಲಿರುವ ಗಿಸಾಲ್ಲೊ ಮಾತೆಯನ್ನು ಜಗದ್ಗುರು ಹನ್ನೆರಡನೆಯ ಪಯಸ್‌ರವರು 1949ರಲ್ಲಿ ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಆ ಪುಟ್ಟ ದೇವಾಲಯದ ಗೋಡೆಗಳ ಮೇಲೆ ಪ್ರಸಿದ್ಧ ಸವಾರರು ಒಪ್ಪಿಸಿದ ಸೈಕಲ್‌ಗಳೇ ತೂಗುತ್ತಿವೆ. ಅವರಲ್ಲಿ ಜಿನೊ ಬಾರ್ತಲಿ ಒಬ್ಬರು. 1938 ಮತ್ತು 1948ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ಮಹಾಪಂದ್ಯವನ್ನು ಗೆದ್ದವರು, ಭಕ್ತಿವಂತ ಕಥೋಲಿಕರು. ಇಟಲಿ ಜರ್ಮನ್ ಸೇನೆಯ ವಶದಲ್ಲಿದ್ದಾಗ, ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾರವರ ಕೋರಿಕೆಯಂತೆ, ಯೆಹೂದ್ಯರನ್ನು ಉಳಿಸುವ ಸುಳ್ಳು ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಬಚ್ಚಿಟ್ಟು ಸಾಗಿಸಿದರು. ತಡೆದು ಕೇಳಿದವರಿಗೆ ಅಭ್ಯಾಸದ ಸವಾರಿ ಎನ್ನುವುದು ಸಾಕಾಗಿತ್ತು. ಈ ಕೆಲಸವನ್ನು ಅವರು ತಮ್ಮ ಜೀವಮಾನದಲ್ಲಿ ಹೇಳಿಕೊಂಡು ತಿರುಗಲಿಲ್ಲ. 2000ದಲ್ಲಿ ತೀರಿಕೊಂಡರು, ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು. ಬಾರ್ತಲಿ ಆ ದಾರಿಗಳಲ್ಲಿ ಹೋಗುವಾಗಲೂ ಎಡಬಲದಲ್ಲಿ ದ್ರಾಕ್ಷಿತೋಟಗಳಿದ್ದವು. ಅವರ ಮನಸ್ಸೆಲ್ಲ ತಮಗಾಗಿ ಕಾದು ಕುಳಿತ ಜನರ ಮೇಲಿದ್ದಿರಬೇಕು.

ಸಂಕ್ರಾಂತಿ ಕಳೆದ ಶನಿವಾರ, ಬೆಳಗಿನ ಪೂಜೆ ಮುಗಿಸಿ, ಇಬ್ಬರು ಯುವಕರೊಡನೆ ನಾವೂ ಸೈಕಲ್ ಏರಿ ಮಂಡ್ಯದಿಂದ ಹೊರಟೆವು. ಐವತ್ತು ದಾಟಿದ ಮೊಣಕಾಲು ಗೆಜ್ಜಲಗೆರೆ ಬರುವಷ್ಟರಲ್ಲೇ ತನ್ನ ಅಭಿಪ್ರಾಯವನ್ನು ತಿಳಿಸಿತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಮಂಡ್ಯವನ್ನೂ ಮದ್ದೂರನ್ನೂ ಪಕ್ಕಕ್ಕೆ ಬಿಟ್ಟು ಹಾದುಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೇ ಪ್ರವೇಶವಿಲ್ಲ. ಸೈಕಲ್ಲಿನ ಪಾಡು ಕೇಳುವುದೇ ಬೇಡ. ನಮ್ಮದು ಹಳೆಯ ದಾರಿ. ಮದ್ದೂರಿನಲ್ಲಿ ವಡೆ ತಿಂದೆವು. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಹೇಳುವ ಈ ವಡೆಗೆ ನಿಂತು ಹೋಗುವ ಪ್ರಯಾಣಿಕನೇ ಆಧಾರ. “ಈಗ ಕಾರುಗಳು ಊರೊಳಕ್ಕೇ ಬರಲ್ಲ” ಎಂದರು ಅಂಗಡಿಯವರು, ಖಾಲಿ ಮೇಜುಗಳನ್ನು ತೋರಿಸುತ್ತ. ಶಿವಪುರದ ಸತ್ಯಾಗ್ರಹ ಸೌಧವನ್ನೂ ನೋಡಿಕೊಂಡೆವು. 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹ ನಡೆದ ಆ ನೆಲಕ್ಕೆ ನಮ್ಮ ಜೊತೆಯ ಹುಡುಗರು ಕಾಲಿಟ್ಟದ್ದು ಅದೇ ಮೊದಲು. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಬೆಳೆದವರು!

ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೊರಳಿದರೆ ಕಬ್ಬಿನ ನಡುವೆಯೇ ಪ್ರಯಾಣ. ಅನಾದಿಯಿಂದ ಇದ್ದಂತೆ ಕಾಣುವ ಈ ಹಸಿರು ನಿಜಕ್ಕೂ ಇತ್ತೀಚಿನದು. ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿ, ಹುಲಿಕೆರೆಯ ಬಳಿ ಗುಡ್ಡ ಕೊರೆದು, ಇರ್ವಿನ್ ನಾಲೆಯೆಂದು ಮೊದಲು ಕರೆಯಿಸಿಕೊಂಡ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಸುವ ಮುನ್ನ ಇದು ಮಳೆಯನ್ನೇ ನಂಬಿದ ರಾಗಿಯ ಸೀಮೆ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದರ ಹಿಂದೆ ದುಡಿದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಹೊಣೆ ಹೊತ್ತಿದ್ದವರು. ಕಿಯಾಂತಿಯ ಬಳ್ಳಿಗೆ ಶತಮಾನಗಳ ಕಾಲಾವಕಾಶವಿತ್ತು; ನಮ್ಮ ರೈತ ಎರಡು ಮೂರು ತಲೆಮಾರಿನಲ್ಲಿ ರಾಗಿಯಿಂದ ಕಬ್ಬಿಗೆ, ಕಬ್ಬಿನಿಂದ ಸಾಲಕ್ಕೆ ಬಂದು ನಿಂತ.

ದಾರಿಬದಿಯ ಆಲೆಮನೆಯೊಂದರ ಮುಂದೆ ಸೈಕಲ್ ನಿಲ್ಲಿಸಿದೆವು. ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಒಣಗಿದ ಸಿಪ್ಪೆಯನ್ನು ಒಲೆಗೆ ತಳ್ಳುವವನೊಬ್ಬ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ನೊರೆ ತೆಗೆಯುವವನೊಬ್ಬ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಆಲೆಮನೆಯ ಪದ್ಧತಿಯಲ್ಲ. ಕಬ್ಬಿನ ಹಾಲು ಬಂತು. ಯಜಮಾನರು ವಯಸ್ಸಾದವರು. ನಮ್ಮ ನಿಲುವಂಗಿಯನ್ನೂ ಸೈಕಲ್ಲನ್ನೂ ನೋಡಿ, “ಕಾರ್ ಕೆಟ್ಟೋಯ್ತಾ, ಬುದ್ಧಿ?” ಎಂದರು.

ಮಾತು ಬೆಳೆಯಿತು. ಅವರ ತಮ್ಮ 2015ರಲ್ಲಿ ಪ್ರಾಣ ಕಳೆದುಕೊಂಡಿದ್ದ. ಆ ವರ್ಷ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆದ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದದ್ದನ್ನು ಓದುಗರು ಮರೆತಿರಲಾರರು. “ಬೆಳ್ದಿದ್ ಕಬ್ಬು ಗದ್ದೇಲೇ ಒಣಗ್ತು. ಸಾಲ್ದೋರು ಬಾಗ್ಲಿಗ್ ಬಂದ್ರು. ಅವ್ನು ಮಾನಕ್ಕೆ ಅಂಜ್ದ” ಎಂದರು. ಧ್ವನಿಯಲ್ಲಿ ಏರಿಳಿತವಿರಲಿಲ್ಲ.

ಇಲ್ಲಿ ನಾವು ಒಂದನ್ನು ಹೇಳಿಬಿಡಬೇಕು. ಅದೇ ವರ್ಷದ ಒಂದು ಸಂಜೆ ಇದೇ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದೆವು. ಒಂದು ಹಳ್ಳಿಯ ಬಳಿ ಜನ ರಸ್ತೆಯ ತುಂಬ ನಿಂತಿದ್ದರು, ಹೆಂಗಸರು ಗೋಳಾಡುತ್ತಿದ್ದರು. ಚಾಲಕ ಹಾರ್ನ್ ಮಾಡಿದ. ಜನ ಸರಿದು ದಾರಿ ಬಿಟ್ಟರು. ಪೂಜೆಗೆ ಹೊತ್ತಾಗಿತ್ತು, ನಾವು ಹೋದೆವು. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದ ಶುಭಸಂದೇಶದ ಕಥೆಯ ಮೇಲೆ ನಾವು ಎಷ್ಟು ಪ್ರಬೋಧನೆ ಮಾಡಿದ್ದೇವೋ! ಅದು ಇದೇ ಊರೇ, ಆ ದಿನದ ಶವ ಇವರ ತಮ್ಮನದೇ ಎಂದು ಕೇಳಲು ಆಲೆಮನೆಯಲ್ಲಿ ನಾಲಗೆ ಏಳಲಿಲ್ಲ. ಯಾವ ವಸ್ತುವೂ ಗ್ರಹಿಸುವವನ ರೀತಿಗೆ ತಕ್ಕಂತೆಯೇ ಗ್ರಾಹ್ಯವಾಗುತ್ತದೆಂಬ ಸಂತ ಥಾಮಸ್ ಅಕ್ವಿನಾಸರ ತತ್ತ್ವವನ್ನು ಗುರುಮಠದಲ್ಲಿ ಬಾಯಿಪಾಠ ಮಾಡಿದ್ದೆವು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿರುವವನಿಗೆ ಮನುಷ್ಯನ ದುಃಖವು ದಾರಿಯ ಅಡಚಣೆಯಾಗಿ ಗ್ರಾಹ್ಯವಾಗುತ್ತದೆ ಎಂದು ಮಾತ್ರ ನಮಗೆ ಆಗ ಹೊಳೆದಿರಲಿಲ್ಲ.

“ಅಂಥವ್ರಿಗೆ ಮೋಕ್ಷ ಇಲ್ಲ ಅಂತಾರೆ, ನಿಜವಾ ಬುದ್ಧಿ?” ಎಂದು ಅವರು ಕೇಳಿದರು. ನಮ್ಮಲ್ಲಿಯೂ ಹಾಗೆ ಹೇಳುವವರಿದ್ದಾರೆ. ಆದುದರಿಂದ ಅಂದು ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇವೆ. ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ 1917ರ ಧರ್ಮಸಭೆಯ ಕಾನೂನು ಕ್ರೈಸ್ತ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ತೀವ್ರ ಸಂಕಟ, ಭಯಗಳು ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲವು, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂಬುದು 1992ರ ಧರ್ಮೋಪದೇಶ ಗ್ರಂಥದ ಬೋಧನೆ. ಇದನ್ನೆಲ್ಲ ಅವರಿಗೆ ಸಣ್ಣ ಮಾತಿನಲ್ಲಿ ಹೇಳಿದೆವು. ಅವರು ಕೊಪ್ಪರಿಗೆಯ ಕಡೆ ನೋಡುತ್ತ, “ಹಂಗಾದ್ರೆ ಸರಿ” ಎಂದರು.

ಮಳವಳ್ಳಿ ತಲುಪಿದಾಗ ಮಧ್ಯಾಹ್ನ. ಮೊಣಕಾಲಿನ ಮಾತಿಗೆ ಬೆಲೆ ಕೊಟ್ಟು, ಸೈಕಲ್‌ಗಳನ್ನು ಟೆಂಪೋಗೆ ಹಾಕಿ ಹಿಂದಿರುಗಿದೆವು.

ಬಲಿಪೂಜೆಯ ಪಾತ್ರೆಗೆ ದ್ರಾಕ್ಷಿಯ ಶುದ್ಧ ರಸವೇ ಆಗಬೇಕು. ಧರ್ಮಸಭೆಯ ಕಾನೂನಿನ 924ನೆಯ ವಿಧಿ ಬೇರೆಯದಕ್ಕೆ ಎಡೆಕೊಡದು. ಕಬ್ಬಿನ ಸೀಮೆಯ ನಾವು ಅದನ್ನು ಹೊರಗಿನಿಂದಲೇ ತರಿಸುತ್ತೇವೆ. ಆದರೆ ಕಾಣಿಕೆಯ ಮೆರವಣಿಗೆಯಲ್ಲಿ ಊರಿನ ಬೆಳೆಯನ್ನು ತರಲು ಅಡ್ಡಿಯಿಲ್ಲ. ಹೊರಡುವಾಗ ಆ ಹಿರಿಯರು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದ ಎರಡು ಅಚ್ಚು ಬೆಲ್ಲವನ್ನು ಭಾನುವಾರ ಮಗುವೊಂದು ಪೀಠದ ಬಳಿಗೆ ತಂದಿತು. ಮೃತರಿಗಾಗಿ ಪ್ರಾರ್ಥಿಸುವಾಗ ಅವರ ತಮ್ಮನ ಹೆಸರನ್ನು ಹೇಳಿದೆವು. ಪೂಜೆಯ ಬಳಿಕ ಧರ್ಮೋಪದೇಶದ ಮಕ್ಕಳು ಬೆಲ್ಲವನ್ನು ಹಂಚಿಕೊಂಡು ತಿಂದರು.

ಬರುವ ಶನಿವಾರ ಮತ್ತೆ ಅದೇ ದಾರಿಯಲ್ಲಿ ಹೋಗಲಿದ್ದೇವೆ. ಸೈಕಲ್ ಇರುವವರು ಬೆಳಗಿನ ಪೂಜೆಗೇ ಅದನ್ನು ತಂದರೆ ಅನುಕೂಲ. ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ನಾವು ಆ ಆಲೆಮನೆಯಲ್ಲಿ ಕೇಳಬೇಕಾಗಿದೆ.