ಸುವಾರ್ತೆ (ಕ್ರೈಸ್ತ ಧರ್ಮ)

ಸುವಾರ್ತೆ ಎಂಬುದು ಕ್ರೈಸ್ತ ಧರ್ಮದ ಕೇಂದ್ರ ಸಂದೇಶಕ್ಕಿರುವ ಹೆಸರು. ಯೇಸು ಕ್ರಿಸ್ತನ ಜೀವನ, ಶಿಲುಬೆಯ ಮರಣ ಹಾಗೂ ಪುನರುತ್ಥಾನದ ಮೂಲಕ ದೇವರು ಮನುಷ್ಯರನ್ನು ಪಾಪದಿಂದಲೂ ಮರಣದಿಂದಲೂ ಬಿಡಿಸಿ ತನ್ನೊಡನೆ ಒಂದುಗೂಡಿಸಿದನು ಎಂಬುದು ಅದರ ತಿರುಳು. ಹೊಸ ಒಡಂಬಡಿಕೆಯ ಮೊದಲ ನಾಲ್ಕು ಗ್ರಂಥಗಳಾದ ಮತ್ತಾಯ, ಮಾರ್ಕ, ಲೂಕ ಮತ್ತು ಯೋಹಾನಗಳನ್ನೂ ಸುವಾರ್ತೆಗಳೆಂದೇ ಕರೆಯುತ್ತಾರೆ. ಗ್ರಂಥಗಳಿಗೆ ಈ ಹೆಸರು ಬಂದದ್ದು ಅನಂತರದಲ್ಲಿ. ಮೊದಲ ತಲೆಮಾರಿನ ಕ್ರೈಸ್ತರಿಗೆ ಸುವಾರ್ತೆಯೆಂದರೆ ಬಾಯಿಂದ ಬಾಯಿಗೆ ಸಾರುವ ಸುದ್ದಿ. ಯೇಸುವಿನ ನೀತಿಬೋಧೆಯೇ ಸುವಾರ್ತೆ ಎಂದು ತಿಳಿಯುವುದು ಸಾಮಾನ್ಯವಾಗಿದೆ. ಆ ತಿಳಿವಳಿಕೆ ಪೂರ್ತಿ ತಪ್ಪಲ್ಲವಾದರೂ, ಹೀಗೆ ಬಾಳಿರಿ ಎಂಬ ಉಪದೇಶಕ್ಕೆ ಮೊದಲು ಹೀಗೆ ನಡೆಯಿತು ಎಂಬ ವಾರ್ತೆ ಇದೆಯೆಂಬುದನ್ನು ಅದು ಮರೆಸುತ್ತದೆ.

ಪದದ ಹಿನ್ನೆಲೆ

ಮೂಲ ಗ್ರೀಕ್ ಪದ ಯುಅಂಗೆಲಿಯೊನ್. ಒಳ್ಳೆಯ ಸುದ್ದಿ ಎಂದು ಅರ್ಥ. ಯುದ್ಧದಲ್ಲಿ ಜಯ, ರಾಜಪುತ್ರನ ಜನನ, ಹೊಸ ಅರಸನ ಪಟ್ಟಾಭಿಷೇಕ ಮುಂತಾದ ಸುದ್ದಿಗಳನ್ನು ಊರೂರಿಗೆ ಸಾರುವಾಗ ಈ ಪದ ಬಳಕೆಯಲ್ಲಿತ್ತು. ಇಂದಿನ ತುರ್ಕಿಯಲ್ಲಿರುವ ಪ್ರಿಯೇನೆ ಎಂಬಲ್ಲಿ ದೊರೆತ ಕ್ರಿ.ಪೂ. 9ರ ಶಾಸನವು ರೋಮನ್ ಚಕ್ರವರ್ತಿ ಆಗಸ್ಟಸನ ಜನ್ಮದಿನವನ್ನು ಲೋಕಕ್ಕೆ ಶುಭವಾರ್ತೆಗಳ ಆರಂಭವೆಂದು ಕೊಂಡಾಡುತ್ತದೆ. ಯೆಹೂದ್ಯರಿಗೆ ಈ ಮಾತು ಇನ್ನೊಂದು ನೆನಪನ್ನೂ ತರುತ್ತಿತ್ತು: ಸೆರೆಯಲ್ಲಿರುವ ಜನರಿಗೆ ಬಿಡುಗಡೆಯ ಸುದ್ದಿಯನ್ನು ಹೊತ್ತು ಬೆಟ್ಟಗಳ ಮೇಲೆ ಬರುವ ದೂತನ ಚಿತ್ರ ಯೆಶಾಯನ ಗ್ರಂಥದಲ್ಲಿದೆ. ಹೀಗಿರುವಾಗ, ಚಕ್ರವರ್ತಿಯ ಆಡಳಿತ ಶಿಲುಬೆಗೇರಿಸಿದ ಒಬ್ಬನ ವಿಷಯದಲ್ಲಿ ಇದೇ ಪದವನ್ನು ಬಳಸುವುದು ಸಾಹಸದ ಮಾತೇ ಆಗಿತ್ತು.

ಯೇಸುವಿನ ಸಾರಿಕೆ

ಮಾರ್ಕನ ಪ್ರಕಾರ ಯೇಸು ಗಲಿಲಾಯ ಪ್ರಾಂತದಲ್ಲಿ ಮೊದಲು ಸಾರಿದ್ದು ದೇವರ ರಾಜ್ಯ ಸಮೀಪಿಸಿದೆ ಎಂಬ ಸುದ್ದಿಯನ್ನು. ದೇವರ ರಾಜ್ಯವೆಂದರೆ ಭೂಪಟದ ಮೇಲಿನ ನಾಡಲ್ಲ, ದೇವರ ಆಳ್ವಿಕೆ. ರೋಗಿಗಳು ಗುಣವಾಗುವುದು, ಸಮಾಜ ಹೊರಗಿಟ್ಟ ಸುಂಕದವರೊಡನೆ ಯೇಸು ಊಟಕ್ಕೆ ಕೂರುವುದು, ಬಡವರು ಭಾಗ್ಯವಂತರೆನಿಸುವುದು ಇವೆಲ್ಲ ಆ ಆಳ್ವಿಕೆಯ ಕುರುಹುಗಳೆಂದು ಸುವಾರ್ತೆಗಳು ಚಿತ್ರಿಸುತ್ತವೆ.

ಈ ಸಂದೇಶವನ್ನು ತಿಳಿಯಲು ಲೂಕನ 15ನೆಯ ಅಧ್ಯಾಯದಲ್ಲಿರುವ ತಪ್ಪಿಹೋದ ಮಗನ ಸಾಮ್ಯಕ್ಕಿಂತ ಒಳ್ಳೆಯ ಬಾಗಿಲು ಬಹುಶಃ ಇಲ್ಲ. ತಂದೆ ಬದುಕಿರುವಾಗಲೇ ಆಸ್ತಿಯ ಪಾಲು ಪಡೆದು ದೂರದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿಕೊಂಡು, ಹಂದಿ ಕಾಯುವ ಸ್ಥಿತಿಗೆ ಇಳಿದು, ಕೂಲಿಯಾಳಾಗಿಯಾದರೂ ಇರೋಣವೆಂದು ಮನೆಗೆ ಮರಳುತ್ತಾನೆ. ಅವನು ಸಿದ್ಧಪಡಿಸಿಕೊಂಡ ಕ್ಷಮಾಪಣೆಯ ಮಾತು ಮುಗಿಯುವುದರೊಳಗೆ ತಂದೆ ಔತಣಕ್ಕೆ ಏರ್ಪಾಡು ಮಾಡಿಬಿಡುತ್ತಾನೆ. ಇದನ್ನು ಹಿರಿಯರ ಮಾತು ಕೇಳದ ಹುಡುಗನ ನೀತಿಕಥೆಯಂತೆ ಓದುವುದು ರೂಢಿ. ಹಾಗೆ ಓದಿದರೆ ಕಥೆಯ ಅರ್ಧ ಕೈತಪ್ಪುತ್ತದೆ. ಮಾತು ಮೀರದೆ ದುಡಿದ ಹಿರಿಯ ಮಗ ಔತಣದ ಸದ್ದು ಕೇಳಿ ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ತಂದೆ ಅವನನ್ನೂ ಕರೆಯಲು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಹೇಳದೆ ಕಥೆ ನಿಂತುಬಿಡುತ್ತದೆ. ಪಾಪಿಗಳೊಡನೆ ಯೇಸು ಊಟಮಾಡುತ್ತಾನೆಂದು ಗೊಣಗಿದ ಫರಿಸಾಯರು ಮತ್ತು ಶಾಸ್ತ್ರಿಗಳೇ ಈ ಕಥೆಯ ಕೇಳುಗರಾಗಿದ್ದರೆಂಬುದನ್ನು ನೆನೆದರೆ ಅದರ ಮೊನೆ ಯಾರ ಕಡೆಗಿದೆಯೆಂದು ತಿಳಿಯುತ್ತದೆ. ಕೆಟ್ಟುದರಿಂದ ದೂರವಾದವನಿಗೂ, ತನ್ನ ಒಳ್ಳೆಯತನದ ಲೆಕ್ಕದಿಂದ ದೂರವಾದವನಿಗೂ ಬೇಕಾಗಿರುವುದು ಒಂದೇ ಕೃಪೆ.

ಶಿಲುಬೆ ಮತ್ತು ಪುನರುತ್ಥಾನ

ಸುವಾರ್ತೆಯ ಅತ್ಯಂತ ಹಳೆಯ ಲಿಖಿತ ಸಾರಾಂಶ ದೊರೆಯುವುದು ಪೌಲನು ಸುಮಾರು ಕ್ರಿ.ಶ. 53-55ರಲ್ಲಿ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ. ಕ್ರಿಸ್ತನು ನಮ್ಮ ಪಾಪಗಳ ನಿಮಿತ್ತ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಪೇತ್ರನಿಗೂ ಇತರರಿಗೂ ಕಾಣಿಸಿಕೊಂಡನು ಎಂಬ ಅಂಶಗಳು ಅಲ್ಲಿವೆ. ಇದು ತಾನು ಇತರರಿಂದ ಪಡೆದು ಒಪ್ಪಿಸುತ್ತಿರುವ ವಿಷಯವೆಂದು ಪೌಲನೇ ಹೇಳುವುದರಿಂದ, ಈ ಸೂತ್ರವು ಪತ್ರಕ್ಕಿಂತ ಹಿಂದಿನದೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಪೊಂತ್ಯ ಪಿಲಾತನ ಆಡಳಿತದಲ್ಲಿ ಯೇಸುವಿಗೆ ಮರಣದಂಡನೆಯಾದುದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸನೂ ದಾಖಲಿಸಿದ್ದಾನೆ. ಪುನರುತ್ಥಾನವು ನಂಬಿಕೆಯ ವಿಷಯ. ಆದರೆ ಆ ನಂಬಿಕೆಯ ಬೆಲೆ ಏನೆಂಬುದನ್ನು ಪೌಲನು ಮರೆಮಾಚುವುದಿಲ್ಲ. ಕ್ರಿಸ್ತನು ಎದ್ದು ಬರದಿದ್ದರೆ ತನ್ನ ಸಾರಿಕೆ ಹುರುಳಿಲ್ಲದ್ದು, ಕೇಳಿದವರ ನಂಬಿಕೆ ವ್ಯರ್ಥ, ಕ್ರೈಸ್ತರು ಎಲ್ಲರಿಗಿಂತ ಮರುಕಕ್ಕೆ ಪಾತ್ರರು ಎಂದು ಅವನು ಅದೇ ಅಧ್ಯಾಯದಲ್ಲಿ ವಾದಿಸುತ್ತಾನೆ.

ಒಬ್ಬನ ಮರಣ ಉಳಿದವರ ಪಾಪವನ್ನು ಹೇಗೆ ನೀಗಿಸುತ್ತದೆ ಎಂಬ ಪ್ರಶ್ನೆಗೆ ಸಭೆಯಲ್ಲಿ ಒಂದೇ ಉತ್ತರವಿಲ್ಲ. ಪಾಪ, ಮರಣ ಮತ್ತು ದುಷ್ಟಶಕ್ತಿಗಳ ಮೇಲಿನ ವಿಜಯವೆಂದು ಪ್ರಾಚೀನ ಸಭಾಪಿತೃಗಳು ಅನೇಕರು ಅದನ್ನು ವರ್ಣಿಸಿದರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮನು ದೇವರ ಗೌರವಕ್ಕೆ ಸಲ್ಲಬೇಕಾದ ಋಣದ ಸಂದಾಯವೆಂದು ವಿವರಿಸಿದನು. ಮನುಷ್ಯನ ಹೃದಯವನ್ನು ಕರಗಿಸುವ ಪ್ರೀತಿಯ ಪ್ರಕಟಣೆಗೆ ಅಬೆಲಾರ್ಡನು ಒತ್ತುಕೊಟ್ಟನು.

ಕೃಪೆ ಮತ್ತು ಕ್ರಿಯೆ

ರಕ್ಷಣೆ ಉಚಿತವಾದ ಕೊಡುಗೆಯಾದರೆ ಸತ್ಕಾರ್ಯಕ್ಕೆ ಯಾವ ಸ್ಥಾನ? ಈ ಪ್ರಶ್ನೆ ಆರಂಭದಿಂದಲೂ ಇದೆ. ನಂಬಿಕೆಯಿಂದಲೇ ಮನುಷ್ಯನು ದೇವರೆದುರು ನಿಲ್ಲುತ್ತಾನೆಂದು ಪೌಲನು ಹೇಳಿದರೆ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರ ಎಚ್ಚರಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಸುಧಾರಣಾ ಚಳವಳಿ ಹಾಗೂ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ (1545-1563) ಇದೇ ವಿಷಯದಲ್ಲಿ ಎದುರುಬದುರಾದವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆಗಳು ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿ, ಮೂಲಭೂತ ಅಂಶಗಳಲ್ಲಿ ತಮಗೆ ಒಮ್ಮತವಿದೆಯೆಂದು ಸಾರಿದವು.

ಇದು ಬರಿಯ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗವಿದೆ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಊಟಮಾಡುತ್ತಿದ್ದ ಪೇತ್ರನು, ಯೆರೂಸಲೇಮಿನಿಂದ ಕೆಲವರು ಬಂದಾಗ ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರ ಮುಂದೆ ಅವನನ್ನು ಖಂಡಿಸಿದನು. ಪಂಕ್ತಿಭೇದವು ಅವನ ದೃಷ್ಟಿಯಲ್ಲಿ ಶಿಷ್ಟಾಚಾರದ ಲೋಪವಾಗಿರದೆ ಸುವಾರ್ತೆಯ ಸತ್ಯಕ್ಕೇ ವಿರುದ್ಧವಾದ ನಡತೆಯಾಗಿತ್ತು. ಪಂಕ್ತಿಭೇದವನ್ನು ಬಲ್ಲ ನಮ್ಮ ನಾಡಿನ ಓದುಗರಿಗೆ ಈ ಸಂದರ್ಭದ ಬಿಸಿ ಬೇಗ ತಟ್ಟುತ್ತದೆ. ಭಾರತದ ಕ್ರೈಸ್ತ ಸಭೆಗಳೊಳಗೂ ಜಾತಿಯ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಭಾರತದಲ್ಲಿ ನಡೆದ ಒಂದು ವಾದ

1820ರಲ್ಲಿ ರಾಜಾ ರಾಮಮೋಹನ ರಾಯರು ನಾಲ್ಕು ಸುವಾರ್ತೆಗಳಿಂದ ಯೇಸುವಿನ ಬೋಧನೆಗಳನ್ನಷ್ಟೇ ಆಯ್ದು, ಪವಾಡ ಹಾಗೂ ಸಿದ್ಧಾಂತದ ಭಾಗಗಳನ್ನು ಬಹುಮಟ್ಟಿಗೆ ಕೈಬಿಟ್ಟು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಶಾಂತಿ ಮತ್ತು ಸುಖಗಳಿಗೆ ಆ ಬೋಧನೆಗಳೇ ಸಾಕೆಂಬುದು ಅವರ ನಿಲುವು. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿ ಜೋಶುವಾ ಮಾರ್ಷ್‌ಮನ್ ಇದನ್ನು ಕಟುವಾಗಿ ವಿಮರ್ಶಿಸಿದರು. ಶಿಲುಬೆಯ ಪ್ರಾಯಶ್ಚಿತ್ತವಿಲ್ಲದ ಬೋಧನೆ ಮನುಷ್ಯನನ್ನು ರಕ್ಷಿಸಲಾರದು ಎಂಬುದು ಅವರ ವಾದ. ರಾಯರು 1820ರಿಂದ 1823ರವರೆಗೆ ಕ್ರೈಸ್ತ ಸಾರ್ವಜನಿಕರಿಗೆ ಮೂರು ಮನವಿಗಳನ್ನು ಬರೆದು ಉತ್ತರಿಸಿದರು. ಇವರ ನಡುವೆ ಇದ್ದದ್ದು ಸುವಾರ್ತೆ ಉಪದೇಶವೋ ವಾರ್ತೆಯೋ ಎಂಬ ಪ್ರಶ್ನೆಯೇ. ಕಾಲಾಂತರದಲ್ಲಿ ಗಾಂಧೀಜಿಯವರೂ ಬೆಟ್ಟದ ಪ್ರಸಂಗವು ತಮ್ಮ ಹೃದಯಕ್ಕೆ ನೇರವಾಗಿ ಮುಟ್ಟಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಯೇಸುವೊಬ್ಬನೇ ದೇವರ ಅವತಾರಪುತ್ರನೆಂಬುದನ್ನು ಅವರು ಒಪ್ಪಲಿಲ್ಲ.

ಕನ್ನಡದಲ್ಲಿ

ಕನ್ನಡಕ್ಕೆ ಬೈಬಲ್ ಬಂದದ್ದು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸುವಾರ್ತೆ ಎಂಬ ಪದವೂ ಕ್ಯಾಥೊಲಿಕ್ ಸಭೆಯಲ್ಲಿ ಶುಭಸಂದೇಶ ಎಂಬ ಪದವೂ ಹೆಚ್ಚಾಗಿ ಬಳಕೆಯಲ್ಲಿವೆ. ಕನ್ನಡ ಓದುಗನನ್ನು ತಡೆದು ನಿಲ್ಲಿಸುವುದು ಮಾತ್ರ ಇನ್ನೊಂದು ಪದ. ಪೌಲನ ಪತ್ರಗಳ ಕನ್ನಡ ಭಾಷಾಂತರದಲ್ಲಿ ವಿಶ್ವಾಸಿಗಳು ನೀತಿವಂತರೆಂದು ನಿರ್ಣಯಿಸಲ್ಪಡುವ ಮಾತು ಮತ್ತೆ ಮತ್ತೆ ಬರುತ್ತದೆ. ನೀತಿ ಎಂದೊಡನೆ ನಮ್ಮ ಮನಸ್ಸು ಸದಾಚಾರದ ಕಡೆಗೆ, ಶತಕಗಳ ಕಡೆಗೆ ಓಡುತ್ತದೆ. ಮೂಲದಲ್ಲಿರುವುದು ನ್ಯಾಯಾಲಯದ ಭಾಷೆ: ಆರೋಪಿಯ ಪರವಾಗಿ ನ್ಯಾಯಾಧಿಪತಿ ಕೊಡುವ ತೀರ್ಪು. ಆದ್ದರಿಂದ ಆ ವಾಕ್ಯಗಳನ್ನು ಓದುವಾಗ ಒತ್ತು ಬೀಳಬೇಕಾದದ್ದು ನೀತಿವಂತ ಎಂಬ ಪದದ ಮೇಲಲ್ಲ, ನಿರ್ಣಯ ಎಂಬುದರ ಮೇಲೆ.