ಕುಳಿಯೋ? ದಿಬ್ಬವೋ?

ನನ್ನಜ್ಜ ಸರ್ವೆಯರ್ ಆಗಿದ್ದವರು. 33 ಅಡಿಯ ಸರಪಳಿ ಎಳೆದು ಹೊಲ ಅಳೆಯುತ್ತಿದ್ದರು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಚಂದ್ರನ ನೆಲದ ನಕ್ಷೆ ಮಾಡುತ್ತೇನೆ. "ಅಲ್ಲಿ ಬಾಂದುಕಲ್ಲು ಯಾರು ನೆಟ್ಟಿದ್ದಾರೋ?" ಎಂದು ಅಜ್ಜನಿಗೆ ನಗು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚಿತ್ರದಲ್ಲಿ ನಲವತ್ತು ದಿಬ್ಬ ಗುರುತಿಸಿ ಹೆಮ್ಮೆಯಿಂದ ತೋರಿಸಿದೆ. ಹಿರಿಯರೊಬ್ಬರು ಮಾತಾಡದೆ ಚಿತ್ರವನ್ನು ತಲೆಕೆಳಗು ಮಾಡಿದರು. ನಲವತ್ತೂ ಕುಳಿಗಳಾದವು! ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ನಮ್ಮ ಕಣ್ಣಿಗೆ ರೂಢಿ. ಆ ಚಿತ್ರದಲ್ಲಿ ಬಿಸಿಲು ಕೆಳಗಿನ ಅಂಚಿನಿಂದ ಬಿದ್ದಿತ್ತು. ಮಕ್ಕಳೇ, ಚಂದ್ರನ ಕುಳಿಯ ಚಿತ್ರವೊಂದನ್ನು ನೀವೂ ತಿರುಗಿಸಿ ನೋಡಿ.

ಈಗ ನಾನು ಮೊದಲು ನೋಡುವುದು ಸೂರ್ಯ ಯಾವ ಕಡೆ ಇದ್ದ ಎಂದು. ನೆರಳಿನಿಂದ ಎತ್ತರವೂ ಸಿಗುತ್ತದೆ. ಸೂರ್ಯ 45 ಡಿಗ್ರಿ ಮೇಲಿದ್ದಾಗ ತೆಂಗಿನಮರದ ನೆರಳು ಮರದಷ್ಟೇ ಉದ್ದ. ಚಂದ್ರನ ಬಂಡೆಗೂ ಅದೇ ಲೆಕ್ಕ. ಚಿತ್ರ, ಎತ್ತರ, ಇಳಿಜಾರು, ಬಂಡೆಗಳು, ಹೀಗೆ ಒಂದೊಂದನ್ನೂ ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸುವ ತಂತ್ರಾಂಶವೇ ಜಿಐಎಸ್.

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್‌ಗೆ ಗೊತ್ತುಮಾಡಿದ್ದ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ. ಬಂಡೆಯ ಮೇಲೋ ಕುಳಿಯ ಅಂಚಿನಲ್ಲೋ ಕಾಲಿಟ್ಟರೆ ಮಗುಚಿ ಬೀಳುತ್ತಿತ್ತು. 2023ರ ಆಗಸ್ಟ್ 23ರ ಸಂಜೆ ಅಜ್ಜ, ನಾನು ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಇಳಿಯಿತು!

ಕಣ್ಣೊರೆಸಿಕೊಂಡ ಅಜ್ಜ ಕೇಳಿದ್ದು ಒಂದೇ: "ಮಗಾ, ಆ ಜಾಗ ಎಷ್ಟು ಗುಂಟೆ ಆಯ್ತು?"

ಲೆಕ್ಕ ಹಾಕಿದೆ. ಸುಮಾರು 95 ಸಾವಿರ!