ಸಾಕಿದ ಇಲಿಮರಿ ಕಚ್ಚಿದರೆ

ತೋಟ, ಗದ್ದೆ ಇರುವ ನಮಗೆ ಇಲಿಯೆಂದರೆ ಶತ್ರು. ಎಳೆಯ ಬೊಂಡ ಕೊರೆದು ಉದುರಿಸುವುದೂ, ಕಣಜದ ಭತ್ತ ಹಾಳುಮಾಡುವುದೂ ಅದೇ. ಹೀಗಿರುವಾಗ ಮಕ್ಕಳು ಪೇಟೆಯಿಂದ ಬಿಳಿ ಇಲಿಮರಿ ತಂದು ಸಾಕುತ್ತೇವೆಂದರೆ ಹಿರಿಯರಿಗೆ ಸಿಟ್ಟು ಬರುವುದು ಸಹಜ. ಅದು ಒಮ್ಮೆ ಕಚ್ಚಿತೋ, "ಹೊರಗೆ ಬಿಸಾಡು" ಎನ್ನುತ್ತೇವೆ. ಈ ಬೈಗುಳಕ್ಕೆ ಹೆದರಿದ ಮಗು ಮುಂದಿನ ಸಲ ಕಚ್ಚಿದ್ದನ್ನು ಹೇಳುವುದೇ ಇಲ್ಲ. ನಿಜವಾದ ಅಪಾಯ ಅಲ್ಲಿದೆ.

ಯಾಕೆ ಕಚ್ಚುತ್ತದೆ?

ಬಿಳಿ ಇಲಿಯು ಕಂದು ಇಲಿಯ ಸಂತತಿ. ಅನೇಕ ತಲೆಮಾರುಗಳಿಂದ ಮನುಷ್ಯರ ಕೈಯಲ್ಲಿ ಬೆಳೆದುದರಿಂದ ಸಾಧು ಸ್ವಭಾವದ್ದು. ಆದರೆ ಕೆಂಪು ಕಣ್ಣಿನ ಈ ಇಲಿಗೆ ದೃಷ್ಟಿ ತೀರಾ ಮಂದ. ಮೂಗು ಮಾತ್ರ ಬಹಳ ಚುರುಕು. ಮೇಲಿನಿಂದ ಥಟ್ಟನೆ ಇಳಿದ ಕೈ ಅದಕ್ಕೆ ಹದ್ದಿನ ಹಾಗೆ. ಮೀನು ತಿಂದ ಬೆರಳು ತಿಂಡಿಯ ಹಾಗೆ. ಗೂಡಿನ ಸರಳಿನ ಎಡೆಯಿಂದ ತಿಂಡಿ ಕೊಟ್ಟು ರೂಢಿ ಮಾಡಿದರೆ, ಅಲ್ಲಿಂದ ಬಂದುದೆಲ್ಲ ತಿನ್ನುವ ವಸ್ತುವೆಂದೇ ತಿಳಿಯುತ್ತದೆ. ನೋವಿದ್ದಾಗ, ಮರಿ ಹಾಕಿದಾಗಲೂ ಕಚ್ಚುವುದುಂಟು. ಮೆಲ್ಲನೆ ಹಲ್ಲು ತಾಗಿಸುವುದು ಕಡಿತವಲ್ಲ, ಪರೀಕ್ಷೆ. ರಕ್ತ ಬಂದರೆ ಮಾತ್ರ ಅದು ಹೆದರಿಕೆಯ ಕಡಿತ.

ಪಳಗಿಸುವ ಕ್ರಮ

ಹಟ್ಟಿಯಲ್ಲಿ ಬೆದರುವ ಕರುವನ್ನು ಪಳಗಿಸಿದವರಿಗೆ ಇದು ಹೊಸತಲ್ಲ.

1. ಮುಟ್ಟುವ ಮೊದಲೂ ನಂತರವೂ ಸೋಪು ಹಾಕಿ ಕೈ ತೊಳೆಯಿರಿ.
2. ಮೊದಲ ಎರಡು ಮೂರು ದಿನ ಹಿಡಿಯಬೇಡಿ. ಹತ್ತಿರ ಕುಳಿತು ಮಾತನಾಡಿ, ಸ್ವರ ಪರಿಚಯವಾಗಲಿ.
3. ಅನಂತರ ಗೂಡಿನ ಬಾಗಿಲು ತೆರೆದು, ಚಮಚದಲ್ಲಿ ತುಸು ಅನ್ನ ಕೊಡಿ. ಕೆಲವು ದಿನ ಕಳೆದ ಮೇಲೆ ಅಂಗೈಯಲ್ಲಿ ಕೊಡಿ. ಬೆರಳ ತುದಿಯಲ್ಲಿ ಬೇಡ.
4. ಎತ್ತುವಾಗ ಬದಿಯಿಂದ ಎರಡೂ ಕೈ ಅಡಿಗೆ ಹಾಕಿ. ಬಾಲ ಹಿಡಿದು ಎಳೆಯಲೇಬಾರದು.
5. ಕಚ್ಚಿದರೆ ಹೊಡೆಯಬೇಡಿ, ಕೊಡವಬೇಡಿ. "ಈಕ್" ಎಂದು ಸಣ್ಣಗೆ ಕೂಗಿ ಮೆಲ್ಲನೆ ಕೆಳಗಿಡಿ. ಆಟದಲ್ಲಿ ನೋವಾದಾಗ ಇಲಿಮರಿಗಳು ಹಾಗೆಯೇ ಕೂಗುತ್ತವೆ.
6. ಅಡಗಲು ಮಗುಚಿ ಹಾಕಿದ ತೆಂಗಿನ ಗೆರಟೆಯಲ್ಲಿ ಬಾಗಿಲು ಕೊರೆದು ಕೊಡಿ. ಹಲ್ಲು ಸದಾ ಬೆಳೆಯುವುದರಿಂದ ಕಡಿಯಲು ಮರದ ತುಂಡೂ ಇರಲಿ.
7. ಇಲಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಎರಡು ಸಾಕಿ, ಆದರೆ ಎರಡೂ ಗಂಡು ಅಥವಾ ಎರಡೂ ಹೆಣ್ಣು. ಐದಾರು ವಾರಕ್ಕೇ ಅವು ಪ್ರಾಯಕ್ಕೆ ಬರುತ್ತವೆ.

ದಿನಕ್ಕೆ ಕಾಲು ಗಂಟೆಯಂತೆ ಕೆಲವು ವಾರ ಹೀಗೆ ಮಾಡಿದರೆ ಹೆಚ್ಚಿನ ಮರಿಗಳು ಕಚ್ಚುವುದನ್ನು ಬಿಡುತ್ತವೆ. ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಪಶುವೈದ್ಯರಿಗೆ ತೋರಿಸಿ.

ಗಾಯವಾದರೆ

ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಅರಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಇಲಿಯಿಂದ ರೇಬೀಸ್ ಬರುವುದು ತೀರಾ ಅಪರೂಪ. ಅದನ್ನೂ ವೈದ್ಯರೇ ನಿರ್ಧರಿಸಲಿ.

ನೆನಪಿಡಬೇಕಾದ ಎರಡು ರೋಗಗಳಿವೆ. ಒಂದು, ಇಲಿ ಕಡಿತದ ಜ್ವರ. ಸಾಮಾನ್ಯವಾಗಿ 3ರಿಂದ 10 ದಿನಗಳಲ್ಲಿ, ಕೆಲವೊಮ್ಮೆ ಮೂರು ವಾರದ ಬಳಿಕ, ಚಳಿಜ್ವರ, ಗಂಟುನೋವು, ಕೈಕಾಲಲ್ಲಿ ಕೆಂಪು ಗುಳ್ಳೆ ಕಾಣಿಸುತ್ತವೆ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ. ಆದ್ದರಿಂದ ಯಾರಿಗೂ ಇಲಿಯ ನೆನಪಾಗುವುದಿಲ್ಲ. ಪೆನಿಸಿಲಿನ್‌ನಿಂದ ಗುಣವಾಗುವ ರೋಗವಿದು, ಬಿಟ್ಟರೆ ಪ್ರಾಣಕ್ಕೇ ಬರಬಹುದು. ಇನ್ನೊಂದು, ಮಳೆಗಾಲದಲ್ಲಿ ಕಾಸರಗೋಡಿನವರಿಗೆಲ್ಲ ಪರಿಚಿತವಾದ ಇಲಿಜ್ವರ. ಇದು ಹೆಚ್ಚಾಗಿ ಇಲಿಯ ಮೂತ್ರ ಬೆರೆತ ನೀರು ಮತ್ತು ಕೆಸರಿನಿಂದ ಬರುತ್ತದೆ. ರೋಗಾಣು ಒಡೆದ ಚರ್ಮದ ಮೂಲಕ ಒಳಸೇರುತ್ತದೆ. ಕೈಯಲ್ಲಿ ಗಾಯವಿರುವವರು ಗೂಡು ತೊಳೆಯಬಾರದು.

ಗದ್ದೆಯ ಬದುವಿನಲ್ಲಿ, ಅಟ್ಟದಲ್ಲಿ ಸಿಕ್ಕಿದ ಇಲಿಮರಿಯನ್ನು, ಹೆಗ್ಗಣದ ಮರಿಯನ್ನು ಸಾಕಲು ತರಬಾರದು. ಕಣ್ಣು ಬಿಡದ ಮರಿಯಾದರೂ ಬೇಡ. ಮನೆಯ ಇಲಿಗಳು ಸಾಕಿದ ಇಲಿಯ ಗೂಡಿನ ಬಳಿ ಸುಳಿಯದಂತೆಯೂ ನೋಡಿಕೊಳ್ಳಿ.

ಇಲಿ ಸಾಕಲು ಒಪ್ಪುವುದು, ಬಿಡುವುದು ಹಿರಿಯರ ಇಷ್ಟ. ಒಪ್ಪಿದ ಮೇಲೆ ಮಗುವಿಗೆ ಒಂದು ಮಾತು ಹೇಳಿಬಿಡಿ: "ಕಚ್ಚಿದರೆ ಬಂದು ಹೇಳು, ಬೈಯುವುದಿಲ್ಲ." ತಿಂಗಳೊಳಗೆ ಜ್ವರ ಬಂದರೆ, ಕೇಳದಿದ್ದರೂ ವೈದ್ಯರಿಗೆ ಇಲಿ ಕಚ್ಚಿದ ದಿನವನ್ನು ತಿಳಿಸಿ.